ಕುಂತಿಬೆಟ್ಟದಲ್ಲಿ ಹೈಲೈನ್: ಅನುಮತಿ ಪತ್ರದಲ್ಲಿ ಇರಬೇಕಾದ ಷರತ್ತುಗಳು

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಮಂಡ್ಯ ಜಿಲ್ಲೆ

ಪ್ರತಿ: ತಹಶೀಲ್ದಾರರು, ಪಾಂಡವಪುರ ತಾಲ್ಲೂಕು, ಅರಣ್ಯ ಇಲಾಖೆ, ಪೊಲೀಸ್ ಇಲಾಖೆ, ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ, ಹಾಗೂ ಬೆಟ್ಟದ ಸುತ್ತಲಿನ ಊರುಗಳ ಜನರು

ವಿಷಯ: ಬೆಟ್ಟಗಳ ನಡುವೆ ಹೈಲೈನ್ ಕಟ್ಟಿ ನಡೆಯಲು ಅನುಮತಿ ನೀಡುವಾಗ ಹಾಕಬೇಕಾದ ತಾಂತ್ರಿಕ ಷರತ್ತುಗಳ ಬಗ್ಗೆ

ಮಾನ್ಯರೇ,

ಎರಡು ಬಂಡೆಗಳ ನಡುವೆ, ಬಹಳ ಎತ್ತರದಲ್ಲಿ, ಒಂದು ಇಂಚು ಅಗಲದ ಪಟ್ಟಿಯನ್ನು ಎಳೆದು ಕಟ್ಟಿ ಅದರ ಮೇಲೆ ಬರಿಗಾಲಲ್ಲಿ ನಡೆಯುವುದಕ್ಕೆ ಹೈಲೈನ್ ಎನ್ನುತ್ತಾರೆ. ಇಂಥದೊಂದು ಅರ್ಜಿ ಮೇಜಿನ ಮೇಲೆ ಬಂದಾಗ ಯಾವ ಅಧಿಕಾರಿಗಾದರೂ ಮೊದಲು ಹೊಳೆಯುವುದು ನಡೆಯುವವನು ಬಿದ್ದರೆ ಏನು ಗತಿ ಎಂದು. ಹಾಗಾಗಿ ಕೇಳುವ ಕಾಗದಗಳೂ ಅವನವೇ ಆಗಿರುತ್ತವೆ: ವೈದ್ಯರ ಪ್ರಮಾಣಪತ್ರ, ಮುಚ್ಚಳಿಕೆ, ವಿಮೆ, ಕೆಳಗೊಂದು ಬಲೆ, ತಲೆಗೊಂದು ಹೆಲ್ಮೆಟ್, ರಸ್ತೆ ಬದಿಗೊಂದು ಆಂಬುಲೆನ್ಸ್. ಇವನ್ನು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹೈಲೈನಿನಲ್ಲಿ ಬೀಳುವುದು ಮಾಮೂಲು. ನುರಿತವರೂ ಒಂದೇ ದಾಟಿನಲ್ಲಿ ಹಲವು ಸಲ ಬೀಳುತ್ತಾರೆ, ಸೊಂಟದ ಹಾರ್ನೆಸ್‌ಗೆ ಕಟ್ಟಿದ ಲೀಶ್ ಹಗ್ಗದಲ್ಲಿ ನೇತಾಡುತ್ತಾರೆ, ಲೈನ್ ಹಿಡಿದು ಹತ್ತಿ ಕೂತು ಮತ್ತೆ ಏಳುತ್ತಾರೆ. ಅವರನ್ನು ಪ್ರತಿ ಸಲವೂ ಉಳಿಸುವುದು ಕಟ್ಟಿದ ಕಟ್ಟು. ಪಟ್ಟಿ, ಬೋಲ್ಟ್, ಸ್ಲಿಂಗ್ (ಕಲ್ಲಿಗೆ ಸುತ್ತುವ ಗಟ್ಟಿ ಕುಣಿಕೆ), ಗಂಟು ಇವನ್ನು ಯಾರೂ ನೋಡದೆ ಕೊಟ್ಟ ಅನುಮತಿ, ಎಷ್ಟೇ ಷರತ್ತು ಬರೆದಿದ್ದರೂ, ಕಣ್ಣು ಮುಚ್ಚಿ ಕೊಟ್ಟ ಅನುಮತಿಯೇ.

ಪೂರ್ತಿ ನಿಷೇಧಿಸಿಬಿಡುವ ದಾರಿಯೂ ಇದೆ. ನಿಷೇಧಿಸಿದರೆ ಲೈನ್ ಕಟ್ಟುವುದು ನಿಲ್ಲುವುದಿಲ್ಲ, ಬೆಳಗಿನ ಜಾವಕ್ಕೆ ಸರಿಯುತ್ತದೆ. ಕದ್ದು ಕಟ್ಟುವವರು ಡ್ರಿಲ್ ಸದ್ದಾದೀತೆಂದು ಬೋಲ್ಟ್ ಬಿಟ್ಟು ಸಿಕ್ಕ ಕಲ್ಲಿಗೆ ಸುತ್ತುತ್ತಾರೆ, ಬೇಗ ಬಿಚ್ಚಿಕೊಂಡು ಹೋಗಬೇಕೆಂದು ಬ್ಯಾಕಪ್ (ಮುಖ್ಯ ಪಟ್ಟಿ ಹರಿದರೆ ಹಿಡಿಯುವ ಎರಡನೆಯ ಪಟ್ಟಿ) ಬಿಡುತ್ತಾರೆ, ಏನಾದರೂ ಆದರೆ 112ಕ್ಕೆ ಕರೆ ಮಾಡಲೂ ಹಿಂದೆಮುಂದೆ ನೋಡುತ್ತಾರೆ. ಅನುಮತಿ ಕೊಡಿ, ಕಟ್ಟನ್ನು ನೋಡಿ ಕೊಡಿ ಎಂಬುದು ಮೈಸೂರು, ಮಂಡ್ಯದಲ್ಲಿ ಬಂಡೆ ಹತ್ತುವ, ಲೈನ್ ಕಟ್ಟುವ ಕೆಲಸ ಬಲ್ಲ ನಮ್ಮ ಕೋರಿಕೆ.

ಪಾಂಡವಪುರದ ಪಕ್ಕದ ಕುಂತಿಬೆಟ್ಟವನ್ನು ಇಲ್ಲಿ ಮುಂದಿಟ್ಟುಕೊಳ್ಳಲು ಕಾರಣವಿದೆ. ಫ್ರೆಂಚ್ ಪಡೆ ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಫ್ರೆಂಚ್ ರಾಕ್ಸ್ ಎಂದು ಕರೆದ ಊರು ಅದು. ಅಲ್ಲಿ ಎರಡು ಕಲ್ಲುಗುಡ್ಡಗಳು ಎದುರುಬದುರು ನಿಂತಿವೆ. ಗುಡ್ಡದ ಮೇಲೆ ಬಂಡೆಯಿಂದ ಬಂಡೆಗೆ ಚಿಕ್ಕ ಲೈನೂ, ಗುಡ್ಡದಿಂದ ಗುಡ್ಡಕ್ಕೆ ದೊಡ್ಡ ಲೈನೂ ಕಟ್ಟುವಂಥ ಜಾಗ. ಚಾರಣಕ್ಕೆ ಬರುವವರಿಗೆ ಮೊದಲೇ ಪರಿಚಿತವಾದ್ದರಿಂದ ಇಂದಲ್ಲ ನಾಳೆ ಇಂಥ ಅರ್ಜಿ ಬರಬಹುದಾದ ಜಾಗವೂ ಹೌದು.

ಈ ಆಟ ಅಮೆರಿಕದ ಯೊಸೆಮಿಟಿ ಕಣಿವೆಯ ಬಂಡೆ ಹತ್ತುವವರ ನಡುವೆ ಬೆಳೆದದ್ದು. 1985ರಲ್ಲಿ ಸ್ಕಾಟ್ ಬಾಲ್ಕಮ್ ಅಲ್ಲಿನ ಲಾಸ್ಟ್ ಆ್ಯರೋ ಸ್ಪೈರ್ ಎಂಬ ಕಲ್ಲುಕಂಬಕ್ಕೆ ಕಟ್ಟಿದ ಸುಮಾರು 17 ಮೀಟರ್ ಲೈನ್ ದಾಟಿದರು. 2021ರಲ್ಲಿ ಸ್ವೀಡನ್ನಿನ ಲಾಪೋರ್ಟೆನ್ ಕಣಿವೆಯ ಮೇಲೆ ಜರ್ಮನಿಯ ನಾಲ್ವರು 2,130 ಮೀಟರ್ ಲೈನ್ ನಡೆದರು. 2024ರ ಜುಲೈಯಲ್ಲಿ ಎಸ್ಟೋನಿಯಾದ ಯಾನ್ ರೂಸೆ ಇಟಲಿಯ ಮೆಸ್ಸಿನಾ ಜಲಸಂಧಿಯ ಮೇಲೆ 3.6 ಕಿ.ಮೀ.ಗೂ ಉದ್ದದ ಲೈನಿನಲ್ಲಿ ಹೋಗಿ, ಆಚೆ ದಡ ಇನ್ನು 100 ಮೀಟರಿಗಿಂತ ಕಡಿಮೆ ಇದೆ ಎನ್ನುವಾಗ ಬಿದ್ದರು. ಲೀಶ್ ಹಿಡಿಯಿತು, ಎದ್ದು ಉಳಿದಷ್ಟನ್ನೂ ನಡೆದರು. ಕುಂತಿಬೆಟ್ಟಕ್ಕೆ ಅಷ್ಟುದ್ದದ ಲೈನ್ ಬೇಡ. ಮೊದಲ ಎರಡು ಹಂಗಾಮಿಗೆ 150 ಮೀಟರ್ ಮಿತಿ ಹಾಕಿ ಎಂದು ನಾವೇ ಹೇಳುತ್ತೇವೆ.

ಕಚೇರಿಯಲ್ಲಿ ಕೂತು ನೋಡಬಹುದಾದ ಮೊದಲ ಸಂಗತಿ ಎಳೆತ. ಬಟ್ಟೆ ಒಣಹಾಕುವ ತಂತಿಯನ್ನು ಜಗ್ಗಿ ಬಿಗಿದಷ್ಟೂ, ನಡುವೆ ಒಂದು ಒದ್ದೆ ಸೀರೆ ಹಾಕಿದಾಗ ಗೋಡೆಯ ಮೊಳೆ ಕಿತ್ತು ಬರುವ ಸಂಭವ ಹೆಚ್ಚು. ಜೋಲು ಬಿಟ್ಟ ತಂತಿ ಅದೇ ಸೀರೆಯನ್ನು ಸಲೀಸಾಗಿ ಹೊರುತ್ತದೆ. ಲೆಕ್ಕವೂ ಸರಳ: ನಡೆಯುವವನ ತೂಕವನ್ನು ಲೈನಿನ ಉದ್ದದಿಂದ ಗುಣಿಸಿ, ಅವನು ನಡುವೆ ನಿಂತಾಗ ಆಗುವ ಜೋಲಿನ ನಾಲ್ಕು ಪಟ್ಟಿನಿಂದ ಭಾಗಿಸಿದರೆ ತುದಿಗಳ ಮೇಲೆ ಬೀಳುವ ಎಳೆತ ಸುಮಾರಾಗಿ ಸಿಗುತ್ತದೆ. 70 ಕೆ.ಜಿ. ಮನುಷ್ಯ, 100 ಮೀಟರ್ ಲೈನ್, 5 ಮೀಟರ್ ಜೋಲು ಎಂದರೆ 350 ಕೆ.ಜಿ. ಎಳೆತ. ಜೋಲನ್ನು 2 ಮೀಟರಿಗೆ ಇಳಿಸಿದರೆ 875 ಕೆ.ಜಿ. 1 ಮೀಟರಿಗೆ ಇಳಿಸಿದರೆ 1,750 ಕೆ.ಜಿ. ಸಲಕರಣೆಗಳ ಮೇಲೆ ಇದನ್ನು ಕಿಲೋನ್ಯೂಟನ್‌ನಲ್ಲಿ ಬರೆದಿರುತ್ತಾರೆ. ಒಂದು ಕಿಲೋನ್ಯೂಟನ್ ಅಂದರೆ ಹೆಚ್ಚುಕಡಿಮೆ 100 ಕೆ.ಜಿ. ತೂಕ. ಕೆಳಗೆ ನಿಂತು ನೋಡುವವರಿಗೆ ಬಿಗಿಯಾದ ಲೈನ್ ಭದ್ರವಾಗಿ ಕಾಣುತ್ತದೆ. ಭದ್ರತೆ ಇರುವುದು ಜೋಲಿನಲ್ಲಿ. ದೊಂಬರಾಟದವರು ಗಳು ಹಿಡಿದು ನಡೆಯುವ ಬಿಗಿ ಹಗ್ಗದ ಲೆಕ್ಕವನ್ನು ಇದಕ್ಕೆ ಹಚ್ಚಬಾರದು. ಅಲ್ಲಿ ಹಗ್ಗ ಅಲುಗದಂತೆ ಬಿಗಿಯುತ್ತಾರೆ, ಇಲ್ಲಿ ಪಟ್ಟಿ ಹಿಗ್ಗಿ ತೂಗಾಡಲೆಂದೇ ಬಿಡುತ್ತಾರೆ.

ಆದ್ದರಿಂದ ಅರ್ಜಿಯಲ್ಲಿ ಲೈನಿನ ಉದ್ದ, ಎತ್ತರ, ಖಾಲಿ ಇದ್ದಾಗಿನ ಎಳೆತ, ಮನುಷ್ಯ ನಡುವೆ ಇದ್ದಾಗಿನ ಜೋಲು, ಪಟ್ಟಿ ಮುರಿಯುವ ಬಲ ಈ ಐದು ಅಂಕಿಗಳು ಇರಲೇಬೇಕು. ಮುರಿಯುವ ಬಲ ಬರಬಹುದಾದ ಗರಿಷ್ಠ ಎಳೆತದ ಐದು ಪಟ್ಟಾದರೂ ಇರಲಿ. ಕಟ್ಟಿದ ಮೇಲೆ ಒಂದು ತುದಿಯಲ್ಲಿ ಲೋಡ್ ಸೆಲ್ ಕೂರಿಸಿ ಎಳೆತವನ್ನು ಅಳೆದು ತೋರಿಸಬೇಕು. ಅಂದಾಜಿನ ಮೇಲೆ ಬಿಗಿದ ಲೈನಿಗೆ ಯಾರನ್ನೂ ಹತ್ತಿಸಬಾರದು.

ಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೈಲಾನ್ ಹೆಚ್ಚು ಹಿಗ್ಗುತ್ತದೆ, ಒದ್ದೆಯಾದರೆ ಶೇ 10ರಿಂದ 15ರಷ್ಟು ಬಲ ಕಳೆದುಕೊಳ್ಳುತ್ತದೆ. ಡೈನೀಮಾ ಎಂಬ ಪ್ಲಾಸ್ಟಿಕ್ ನಾರು ತುಂಬ ಹಗುರ, ತುಂಬ ಗಟ್ಟಿ, ಆದರೆ ಜಾರುತ್ತದೆ, 145 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ನಮ್ಮ ಬಿಸಿಲಿಗೆ, ಈ ಉದ್ದಕ್ಕೆ ಪಾಲಿಯೆಸ್ಟರ್ ಒಳ್ಳೆಯದು. ಪಟ್ಟಿಗೆ ಗಂಟು ಹಾಕಿದರೆ ಬಲ ಅರ್ಧಕ್ಕೆ ಇಳಿಯಬಹುದು. ಅದಕ್ಕೇ ಗಂಟಿನ ಬದಲು ಉರುಳೆಗೆ ಸುತ್ತಿ ಹಿಡಿಯುವ ವೆಬ್‌ಲಾಕ್ ಬೇಕು. ಲಾರಿಗೆ ಲೋಡ್ ಬಿಗಿಯುವ ರಾಚೆಟ್ ಪಟ್ಟಿ ತಂದವರಿದ್ದರೆ ಅಲ್ಲಿಗೇ ಅರ್ಜಿ ತಿರಸ್ಕರಿಸಿ.

ನಮ್ಮ ಭಾಗದಲ್ಲಿ ಹೆಚ್ಚು ಗಮನ ಬೇಡುವುದು ಆಂಕರ್, ಅಂದರೆ ಲೈನ್ ಬಂಡೆಗೆ ಸೇರುವ ಜಾಗ. ಈ ಕಲ್ಲು ಪದರ ಪದರವಾಗಿ ಕಳಚುತ್ತದೆ. ಮೇಲಿನಿಂದ ಅಖಂಡವಾಗಿ ಕಾಣುವ ಬಂಡೆಯ ಮೈಯಲ್ಲಿ ಕೆಲವೇ ಅಂಗುಲ ದಪ್ಪದ ಹಾಳೆಯೊಂದು ಬಿಟ್ಟುಕೊಂಡಿರಬಹುದು. ಅದಕ್ಕೆ ಹೊಡೆದ ಬೋಲ್ಟ್ ಎಷ್ಟೇ ದುಬಾರಿಯಾಗಿದ್ದರೂ ಹಾಳೆಯ ಸಮೇತ ಎದ್ದು ಬರುತ್ತದೆ. ಡ್ರಿಲ್ ಹಿಡಿಯುವ ಮೊದಲು ಸುತ್ತಲಿನ ಒಂದು ಮೀಟರ್ ಜಾಗವನ್ನು ಸುತ್ತಿಗೆಯಿಂದ ತಟ್ಟುತ್ತ ಬರಬೇಕು. ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಪೊಳ್ಳಿದ್ದರೆ ಡಬಡಬ ಸದ್ದು. ಕಲ್ಲು ಒಡೆಯುವವರಿಗೆ ಈ ಸದ್ದು ಚೆನ್ನಾಗಿ ಗೊತ್ತು; ಪರಿಶೀಲನೆಗೆ ಅಂಥ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಯಂತ್ರಕ್ಕಿಂತ ಮೊದಲು ಅವರ ಕಿವಿ ಹೇಳುತ್ತದೆ.

ಬೋಲ್ಟ್ ಕನಿಷ್ಠ 12 ಮಿ.ಮೀ. ದಪ್ಪದ, ಬಂಡೆ ಹತ್ತಲೆಂದೇ ತಯಾರಾದ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಅಂಥವು ಅಡ್ಡ ಎಳೆತಕ್ಕೆ 25 ಕಿಲೋನ್ಯೂಟನ್ ತಡೆಯುತ್ತವೆ; ನೇರ ಹೊರಕ್ಕೆ ಎಳೆದರೆ ತಡೆಯುವುದು ಅದಕ್ಕಿಂತ ಕಡಿಮೆ, ಹಾಗಾಗಿ ಎಳೆತ ಯಾವ ದಿಕ್ಕಿಗೆ ಬರುತ್ತದೆಂದು ನೋಡಿಯೇ ತೂತು ಕೊರೆಯಬೇಕು. ಪ್ರತಿ ತುದಿಗೂ ಮೂರಕ್ಕೆ ಕಡಿಮೆ ಬೇಡ, ಒಂದಕ್ಕೊಂದು ಕನಿಷ್ಠ 30 ಸೆಂ.ಮೀ. ಅಂತರ ಇರಲಿ. ಅಂಟಿನಿಂದ ಕೂರಿಸುವ ಬೋಲ್ಟಾದರೆ ತೂತಿನ ಪುಡಿ ಪೂರ್ತಿ ಹೋಗಬೇಕು: ಬ್ರಷ್ ಹಾಕಿ ಉಜ್ಜುವುದು, ಪಂಪಿನಿಂದ ಊದುವುದು, ಮತ್ತೆ ಉಜ್ಜುವುದು, ಊದುವುದು. ಪುಡಿ ಉಳಿದರೆ ಅಂಟು ಕಲ್ಲಿಗೆ ಹಿಡಿಯುವುದಿಲ್ಲ, ಹೊರಗಿನಿಂದ ನೋಡಿದರೆ ತಿಳಿಯುವುದೂ ಇಲ್ಲ. ಅಂಟು ಒಣಗಲು ತಯಾರಕರು ಹೇಳಿದಷ್ಟು ಹೊತ್ತು ಕಾಯಬೇಕು. ಹಿಂದಿನ ದಿನವೇ ಬೋಲ್ಟ್ ಕೂರಿಸಿರಬೇಕು ಎಂದು ಷರತ್ತು ಹಾಕಿದರೆ ಅವಸರಕ್ಕೆ ಎಡೆಯಿರದು.

ಬೋಲ್ಟ್ ಬದಲು ದೊಡ್ಡ ಗುಂಡುಕಲ್ಲಿಗೆ ಸ್ಲಿಂಗ್ ಸುತ್ತುವುದೂ ಸರಿಯಾದ ಪದ್ಧತಿಯೇ, ಬಂಡೆಗೆ ಗಾಯವೂ ಆಗುವುದಿಲ್ಲ. ಉದ್ದ, ಅಗಲ, ಎತ್ತರ ಎರಡೆರಡು ಮೀಟರ್ ಇರುವ ಕಲ್ಲು ಸುಮಾರು 21 ಟನ್ ತೂಗುತ್ತದೆ. ಆದರೆ ತೂಕವೊಂದನ್ನೇ ನಂಬಬಾರದು. ನಮ್ಮ ಬೆಟ್ಟಗಳಲ್ಲಿ ಎಷ್ಟೋ ಗುಂಡುಗಳು ಇಳಿಜಾರಿನ ಮೇಲೆ ಅಂಗೈಯಗಲ ಜಾಗದಲ್ಲಿ ನಿಂತಿವೆ. ಎಳೆತ ಇಳಿಜಾರಿನ ಕಡೆಗೇ ಇದ್ದರೆ ಅಂಥ ಕಲ್ಲನ್ನು ಮುಟ್ಟಲೇಬಾರದು. ಸ್ಲಿಂಗ್ ಕಲ್ಲಿಗೆ ತಾಗುವ ಪ್ರತಿ ಮೂಲೆಗೂ ದಪ್ಪ ಕ್ಯಾನ್ವಾಸ್ ಅಥವಾ ಹಳೆಯ ಫೈರ್ ಹೋಸ್ ತೊಡಿಸಬೇಕು. ಗೋಣಿಚೀಲ ಸಾಲದು: ಗಾಳಿಗೆ ಲೈನ್ ದಿನವಿಡೀ ಅದುರುತ್ತಿರುತ್ತದೆ, ಉಪ್ಪುಕಾಗದದಂಥ ಈ ಕಲ್ಲು ಗೋಣಿಯನ್ನು ಸವೆಸಿ ಸ್ಲಿಂಗ್‌ವರೆಗೆ ಬರುತ್ತದೆ. ಎರಡು ಆಂಕರ್‌ಗಳನ್ನು ಸೇರಿಸುವ ಸ್ಲಿಂಗ್‌ಗಳ ನಡುವಿನ ಕೋನ 60 ಡಿಗ್ರಿಯೊಳಗಿದ್ದರೆ ಒಂದೊಂದರ ಮೇಲೂ ಒಟ್ಟು ಎಳೆತದ ಶೇ 58ಕ್ಕಿಂತ ಹೆಚ್ಚು ಬೀಳದು. 120 ಡಿಗ್ರಿಗೆ ಹೋದರೆ ಒಂದೊಂದೂ ಪೂರ್ತಿ ಎಳೆತವನ್ನು ಹೊರಬೇಕಾಗುತ್ತದೆ, ಹಂಚಿಕೊಂಡದ್ದೇ ವ್ಯರ್ಥ.

ಇದೇ ಅದುರಾಟ ಶ್ಯಾಕಲ್‌ನ (ಪಿನ್ ಹಾಕಿ ಮುಚ್ಚುವ ಲೋಹದ ಕೊಂಡಿ) ಪಿನ್ನನ್ನೂ ನಿಧಾನಕ್ಕೆ ತಿರುಗಿಸಿ ಸಡಿಲಿಸುತ್ತದೆ. ಪ್ರತಿ ಪಿನ್ನಿಗೂ ಕೇಬಲ್ ಟೈ ಅಥವಾ ತಂತಿ ಕಟ್ಟಿದ್ದಾರೆಯೇ ಎಂದು ಬರಿಗಣ್ಣಿನಲ್ಲೇ ನೋಡಬಹುದು. ಶ್ಯಾಕಲ್ ಮೈಮೇಲೆ ಎಷ್ಟು ಟನ್ ಎಂಬ ಮುದ್ರೆ ಇರಬೇಕು, ಮುದ್ರೆ ಇಲ್ಲದ ಅಂಗಡಿ ಮಾಲು ಬೇಡ. ಕ್ಯಾರಬೈನರ್ (ಸ್ಪ್ರಿಂಗ್ ಬಾಗಿಲಿನ ಕೊಂಡಿ) ಅಡ್ಡ ತಿರುಗಿ ಸಿಕ್ಕಿಕೊಂಡರೆ 20 ಕಿಲೋನ್ಯೂಟನ್ ತಡೆಯುವ ಜಾಗದಲ್ಲಿ 7ಕ್ಕೇ ಮುರಿಯಬಹುದು. ಹಾಗಾಗಿ ಮುಖ್ಯ ಕೊಂಡಿಯಲ್ಲಿ ಅದನ್ನು ಬಳಸಬಾರದು.

ಈಗ ಬ್ಯಾಕಪ್. ಮುಖ್ಯ ಪಟ್ಟಿಯ ಕೆಳಗೆ ಎರಡನೆಯ ಪಟ್ಟಿಯೊಂದು ಸಣ್ಣ ಸಣ್ಣ ಕುಣಿಕೆಗಳಾಗಿ, ಟೇಪಿನಿಂದ ಅಂಟಿಸಿಕೊಂಡು, ಈ ತುದಿಯಿಂದ ಆ ತುದಿಯವರೆಗೆ ಹೋಗಬೇಕು. ಅದಕ್ಕೆ ಎರಡೂ ಕಡೆ ಅದರದೇ ಬೇರೆ ಆಂಕರ್ ಬೇಕು. ಮುಖ್ಯ ಲೈನಿನ ಬೋಲ್ಟಿಗೇ ಬ್ಯಾಕಪ್ಪನ್ನೂ ಸಿಕ್ಕಿಸಿದರೆ ಆ ಬೋಲ್ಟ್ ಕಿತ್ತಾಗ ಎರಡೂ ಹೋಗುತ್ತವೆ. ಪಟ್ಟಿಯನ್ನು ತುಂಡು ಸೇರಿಸಿ ಉದ್ದ ಮಾಡಿದ್ದರೆ ಪ್ರತಿ ಕೂಡಿಕೆಗೂ ಬ್ಯಾಕಪ್ ಇರಬೇಕು. ಬ್ಯಾಕಪ್ ತೀರ ಉದ್ದವಾದರೂ ಅಪಾಯವೇ: ಮುಖ್ಯ ಪಟ್ಟಿ ಹರಿದ ದಿನ ನಡೆಯುವವನು ಅಷ್ಟು ಕೆಳಕ್ಕೆ ಬೀಳುತ್ತಾನೆ, ತುದಿಯ ಹತ್ತಿರವಿದ್ದರೆ ಬಂಡೆಗೆ ಅಪ್ಪಳಿಸುತ್ತಾನೆ. ಬ್ಯಾಕಪ್ ಮೇಲೆ ಬಿದ್ದರೆ ಎಷ್ಟು ಇಳಿಯುತ್ತಾನೆ, ಅಲ್ಲಿ ಕೆಳಗೆ ಏನಿದೆ ಎಂಬ ಲೆಕ್ಕವನ್ನು ಲೈನಿನ ನಡುವಿಗೂ, ಎರಡೂ ತುದಿಯ ಹತ್ತು ಮೀಟರಿಗೂ ಬೇರೆ ಬೇರೆ ಬರೆಸಿಕೊಳ್ಳಿ. ಮೀಟರಿಗೆ 60 ಗ್ರಾಂ ತೂಗುವ ಪಟ್ಟಿಯಾದರೆ 150 ಮೀಟರಿಗೆ ಎರಡೂ ಸೇರಿ ಸುಮಾರು 18 ಕೆ.ಜಿ. ಹೊತ್ತೊಯ್ಯಲು ಭಾರ ಎಂದು ಬ್ಯಾಕಪ್ ಬಿಡುವುದಕ್ಕೆ ನೆಪವೇ ಇಲ್ಲ.

ಲೀಶ್ ಚಿಕ್ಕ ವಿಷಯದಂತೆ ಕಂಡರೂ ಅಲ್ಲಿ ಆಗುವ ತಪ್ಪಿಗೆ ತಿದ್ದುಪಡಿ ಇಲ್ಲ. ಮುಖ್ಯ ಪಟ್ಟಿ, ಬ್ಯಾಕಪ್ ಎರಡನ್ನೂ ಒಳಗೊಂಡ ಲೋಹದ ಬಳೆಗಳು, ಒಂದಕ್ಕೆ ಜತೆಯಾಗಿ ಇನ್ನೊಂದು. ಅಲ್ಲಿಂದ ಬಂಡೆ ಹತ್ತುವ ಹಗ್ಗ. ಹಾರ್ನೆಸ್‌ಗೆ ಎಂಟರ (8ರ ಆಕಾರದ) ಗಂಟನ್ನು ಮರಳಿ ಪೋಣಿಸಿ ಕಟ್ಟಿದ್ದು. ನೇತಾಡುವಾಗ ಕೈ ಚಾಚಿದರೆ ಲೈನ್ ಸಿಗುವಷ್ಟೇ ಉದ್ದ ಇರಬೇಕು, ಇಲ್ಲವಾದರೆ ಲೀಶ್ ಹಗ್ಗವನ್ನೇ ಹತ್ತಬೇಕಾಗುತ್ತದೆ. ಗಂಟನ್ನು ಅರ್ಧ ಕಟ್ಟಿ, ಯಾರೋ ಮಾತಾಡಿಸಿದರೆಂದು ಅತ್ತ ತಿರುಗಿ, ಹಾಗೇ ಹೊರಟುಬಿಡುವುದೇ ಇಲ್ಲಿನ ದೊಡ್ಡ ಭಯ. ಪ್ರತಿ ಸಲ ಲೈನ್ ಹತ್ತುವ ಮೊದಲು ಎರಡನೆಯವರೊಬ್ಬರು ಗಂಟನ್ನು ಮುಟ್ಟಿ ನೋಡಿ ಹೆಸರು ಹೇಳಿ ಒಪ್ಪಬೇಕು, ಆ ಹೊತ್ತಿಗೆ ಪತ್ರಕರ್ತರಾಗಲಿ, ಅತಿಥಿಗಳಾಗಲಿ ಅಲ್ಲಿ ಇರಬಾರದು. ಉಂಗುರ, ಸರ, ಬಿಚ್ಚಿದ ಕೂದಲು ಬೇಡ.

ಕಟ್ಟುವ ದಿನವೇ ನಡೆಯುವ ದಿನಕ್ಕಿಂತ ಅಪಾಯ ಹೆಚ್ಚು ಎಂಬುದನ್ನು ದಯವಿಟ್ಟು ಗಮನಿಸಿ. ನಡೆಯುವವನಿಗೆ ಲೀಶ್ ಇರುತ್ತದೆ. ಅಂಚಿನಲ್ಲಿ ಬಗ್ಗಿ ಪಟ್ಟಿ ಎಳೆಯುವವನು ಎಷ್ಟೋ ಸಲ ಹಗ್ಗ ಕಟ್ಟಿಕೊಳ್ಳದೆ ನಿಂತಿರುತ್ತಾನೆ. ಅಂಚಿನಿಂದ ಎರಡು ಮೀಟರಿನೊಳಗೆ ಹೋಗುವ ಪ್ರತಿಯೊಬ್ಬರಿಗೂ ಹಗ್ಗ ಮತ್ತು ಹೆಲ್ಮೆಟ್ ಕಡ್ಡಾಯ ಮಾಡಿ. ಮೊದಲ ದಾರವನ್ನು ಡ್ರೋನಿನಿಂದ ದಾಟಿಸುತ್ತಾರೆ, ಅದಕ್ಕೆ ತೆಳು ಹಗ್ಗ ಕಟ್ಟಿ, ಹಗ್ಗಕ್ಕೆ ಪಟ್ಟಿ ಕಟ್ಟಿ ಎಳೆಯುತ್ತಾರೆ. ಡ್ರೋನಿಗೆ ನಿಯಮದಂತೆ ಒಪ್ಪಿಗೆ ಬೇಕು. ಲೈನಿಗೆ ಬಣ್ಣದ ಪಟ್ಟಿಗಳನ್ನು ನೇತುಹಾಕಿ, ಇರುವ ದಿನಗಳನ್ನು ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೂ ತಿಳಿಸಬೇಕು. ಒಂದಿಂಚಿನ ಪಟ್ಟಿ ಹೆಲಿಕಾಪ್ಟರಿನಿಂದ ಕಾಣುವುದೇ ಇಲ್ಲ.

ಬೇರೆ ದೇಶದ ಕೈಪಿಡಿಗಳಲ್ಲಿ ಸಿಗದ ಒಂದು ಅಪಾಯ ನಮ್ಮಲ್ಲಿದೆ: ಹೆಜ್ಜೇನು. ಕಡಿದಾದ ಬಂಡೆಯ ಚಾಚಿನ ಕೆಳಗೆ ಹುಟ್ಟು ಕಟ್ಟುತ್ತವೆ. ಡ್ರೋನಿನ ಸದ್ದು, ಡ್ರಿಲ್ಲಿನ ಅದುರು, ಹೊಗೆ ಇವುಗಳಿಂದ ಎದ್ದರೆ ಲೈನಿನ ನಡುವೆ ಇರುವವನು ಓಡುವ ಹಾಗಿಲ್ಲ, ಅವನನ್ನು ಕರೆತರಲು ಯಾರೂ ಹೋಗುವ ಹಾಗೂ ಇಲ್ಲ. ಕಟ್ಟುವ ಮೊದಲು ದೂರದಿಂದ ದುರ್ಬೀನಿನಲ್ಲಿ ಎರಡೂ ಗುಡ್ಡದ ಮೈಯನ್ನು ಪೂರ್ತಿ ನೋಡಬೇಕು. ಲೈನಿನ ಆಸುಪಾಸು ಹುಟ್ಟು ಕಂಡರೆ ಆ ಹಂಗಾಮಿಗೆ ಆ ಜಾಗ ಬೇಡ; ಹುಟ್ಟನ್ನು ಸುಟ್ಟು ಜಾಗ ಮಾಡಿಕೊಳ್ಳುವುದನ್ನು ಅಪರಾಧವೆಂದೇ ನೋಡಿ. ಜೇನು ಎಲ್ಲಿ, ಯಾವ ತಿಂಗಳು ಕೂರುತ್ತದೆಂದು ಬೆಟ್ಟದ ಬುಡದಲ್ಲಿ ಕುರಿ ಮೇಯಿಸುವವರಿಗೆ ಗೊತ್ತಿರುತ್ತದೆ, ಅವರನ್ನು ಕೇಳದೆ ಸ್ಥಳ ಪರಿಶೀಲನೆ ಮುಗಿಯಿತು ಎನ್ನಬಾರದು. ಹದ್ದು, ಗಿಡುಗ, ಗೂಬೆಗಳ ಗೂಡಿನ ಬಗ್ಗೆ ಅರಣ್ಯ ಇಲಾಖೆಯ ಮಾತೇ ಕೊನೆಯದಾಗಲಿ. ಪಕ್ಕದ ರಾಮನಗರದಲ್ಲಿ ರಣಹದ್ದುಗಳಿಗಾಗಿಯೇ 2012ರಲ್ಲಿ ರಾಮದೇವರ ಬೆಟ್ಟವನ್ನು ಧಾಮವೆಂದು ಘೋಷಿಸಿದ್ದು ನಮಗೆಲ್ಲ ತಿಳಿದಿದೆ. ಕೋತಿಗಳಿರುವ ಕಡೆ ರಾತ್ರಿ ಲೈನ್ ಬಿಟ್ಟು ಹೋದರೆ ಟೇಪು, ಹಗ್ಗ ಕಚ್ಚಿ ಎಳೆದಿರುತ್ತವೆ. ಎರಡೂ ಆಂಕರ್‌ಗೆ ಕಾವಲು ಇರಬೇಕು, ಬೆಳಿಗ್ಗೆ ಪ್ರತಿ ಕೊಂಡಿಯನ್ನೂ ಮತ್ತೆ ನೋಡಿದ ಮೇಲೆಯೇ ಹತ್ತಬೇಕು.

ಕಾಲ ಯಾವುದು ಎಂದರೆ ನವೆಂಬರ್ ಕೊನೆಯಿಂದ ಫೆಬ್ರವರಿ. ಆಷಾಢದ ಗಾಳಿಯಲ್ಲಿ ಪಟ್ಟಿ ಪಟಪಟನೆ ಬಡಿದುಕೊಂಡು ಟೇಪು ಹರಿಯುತ್ತದೆ, ಆಂಕರ್ ಸವೆಯುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು. ಗುಡುಗು ಕಿವಿಗೆ ಬಿದ್ದರೆ, ಅಥವಾ ದಾಮಿನಿ ಆ್ಯಪ್ ಎಚ್ಚರಿಕೆ ಕೊಟ್ಟರೆ, ನಡೆಯುವವರೂ ಆಂಕರ್ ಕಾಯುವವರೂ ಕೂಡಲೇ ಇಳಿಯಬೇಕು. ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಳೆಯುವವರೆಗೆ ಮರಳುವಂತಿಲ್ಲ.

ರಕ್ಷಣೆಯ ಬಗ್ಗೆ ಅಗ್ನಿಶಾಮಕ ಇಲಾಖೆಗೆ ಒಂದು ಮಾತು. ಲೈನಿನ ನಡುವೆ ಪ್ರಜ್ಞೆ ತಪ್ಪಿ ನೇತಾಡುವವರ ಬಳಿಗೆ ನಿಮ್ಮ ಏಣಿ ಮುಟ್ಟದು. ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವುದೇ ಜೀವಕ್ಕೆ ಅಪಾಯ, ನಿಮಿಷಗಳ ಲೆಕ್ಕ. ಆದ್ದರಿಂದ ತಂಡದಲ್ಲೇ ಇಬ್ಬರು, ಉರುಳೆ ಹಾಕಿಕೊಂಡು ಲೈನ್ ಮೇಲೆ ಜಾರಿ ಹೋಗಿ, ಬಿದ್ದವರನ್ನು ತಮಗೆ ಸಿಕ್ಕಿಸಿಕೊಂಡು, ದಡದವರು ಹಗ್ಗದಿಂದ ಎಳೆಯುವುದನ್ನು ಹತ್ತು ನಿಮಿಷದೊಳಗೆ ಮಾಡಿ ತೋರಿಸಬೇಕು. ಇದನ್ನು ಕಾಗದದಲ್ಲಿ ಒಪ್ಪಬೇಡಿ, ಮೊದಲ ನಡಿಗೆಗೆ ಮುಂಚೆ ನಿಮ್ಮ ಎದುರೇ ಮಾಡಿಸಿ. ಅಲ್ಲಿಂದ ಸ್ಟ್ರೆಚರ್ ಕೆಳಗಿಳಿಸುವ ದಾರಿ, ಪಾಂಡವಪುರದ ಆಸ್ಪತ್ರೆ, ಅಲ್ಲಿಂದ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆ ಎಂದು ಮೊದಲೇ ಗೊತ್ತು ಮಾಡಿರಬೇಕು.

ಕೆಲವು ಜಾಗಗಳಿಗೆ ಯಾವ ಷರತ್ತಿನ ಮೇಲೂ ಅನುಮತಿ ಬೇಡ. ಮೇಲುಕೋಟೆ, ಕರಿಘಟ್ಟ, ಚಾಮುಂಡಿ ಬೆಟ್ಟ ಜನ ಕೈಮುಗಿದು ಹತ್ತುವ ಜಾಗಗಳು, ಅಲ್ಲಿ ಡ್ರಿಲ್ ಹಿಡಿಯುವ ಹಕ್ಕು ನಮಗಿಲ್ಲ. ಗಗನಚುಕ್ಕಿಯಲ್ಲಿ ತುಂತುರಿಗೆ ಬಂಡೆ, ಪಟ್ಟಿ ಎರಡೂ ಒದ್ದೆ. ಕನ್ನಂಬಾಡಿ ಕಟ್ಟೆಯ ಭದ್ರತೆಯ ಪ್ರಶ್ನೆ ಬೇರೆಯೇ. ದಸರಾ ಕಾರ್ಯಕ್ರಮದಲ್ಲಿ ಇದನ್ನು ಸೇರಿಸುವ ಆಸೆ ಯಾರಿಗಾದರೂ ಬಂದರೆ ದಯವಿಟ್ಟು ತಡೆಯಿರಿ. ಉದ್ಘಾಟನೆಯ ಹೊತ್ತು ನಿಗದಿಯಾಗಿದ್ದರೆ ಗಾಳಿ ಜೋರಿದ್ದರೂ ಇವತ್ತು ಬೇಡ ಎನ್ನುವ ಧೈರ್ಯ ತಂಡಕ್ಕೆ ಉಳಿಯುವುದಿಲ್ಲ. ಲೈನಿನ ನೇರ ಕೆಳಗೆ, ಎರಡೂ ಬದಿಗೆ 20 ಮೀಟರಿನಷ್ಟು ಜಾಗದಲ್ಲಿ ಯಾರೂ ನಿಲ್ಲಬಾರದು: ಮೇಲಿನಿಂದ ಬೀಳುವ ಒಂದು ಶ್ಯಾಕಲ್ ಸಾಕು.

ಪರಿಶೀಲನೆ ಯಾರು ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನಮ್ಮ ರಾಜ್ಯದ್ದೇ. ಬಂಡೆ ಹತ್ತಿಸುವ ತರಬೇತುದಾರರು ಅಲ್ಲಿದ್ದಾರೆ, ಆಂಕರ್ ನೋಡಲು ಅವರಲ್ಲೊಬ್ಬರನ್ನು ಕೋರಬಹುದು. 2015ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸ್ಲಾಕ್‌ಲೈನ್ (ಇಂಥ ಜೋಲು ಪಟ್ಟಿಯ ಮೇಲಿನ ನಡಿಗೆ) ಸಂಘ ಲೈನ್ ಕಟ್ಟುವವರಿಗೆ ಪ್ರಮಾಣಪತ್ರ ಕೊಡುತ್ತದೆ. ತಂಡದಲ್ಲಿ ಅಂಥವರೊಬ್ಬರಿದ್ದರೆ ಒಳ್ಳೆಯದು, ಆದರೆ ಆ ಕಾಗದ ನೋಡಿ ಆಂಕರ್ ನೋಡುವುದನ್ನು ಬಿಡಬೇಡಿ. ಅರ್ಜಿಯಲ್ಲಿ ಎರಡೂ ಆಂಕರ್ ಇರುವ ಸರ್ವೆ ನಂಬರ್ ಬರೆಸಿ. ಒಂದು ತುದಿ ಕಂದಾಯ ಭೂಮಿ, ಇನ್ನೊಂದು ಅರಣ್ಯ ಆದರೆ ಎರಡೂ ಇಲಾಖೆಯ ಸಹಿ ಬೇಕು. ಹಾಕಿದ ಪ್ರತಿ ಬೋಲ್ಟಿನ ಜಾಗ, ಬಗೆ, ಹಾಕಿದ ದಿನಾಂಕ ತಹಶೀಲ್ದಾರರ ಕಚೇರಿಯ ಒಂದು ವಹಿಯಲ್ಲಿ ಇರಲಿ. ಮುಂದಿನ ತಂಡ ಹೊಸ ತೂತು ಕೊರೆಯುವ ಬದಲು ಅದನ್ನೇ ಪರೀಕ್ಷಿಸಿ ಬಳಸಲಿ, ತುಕ್ಕು ಕಂಡದ್ದನ್ನು ಕಿತ್ತು ತೂತು ಮುಚ್ಚಲಿ.

ಮಳೆಗಾಲ ಮುಗಿದ ಕೂಡಲೇ ಒಂದು ದಿನ ಗೊತ್ತು ಮಾಡಿದರೆ, ನಡೆಯಲು ಯಾರನ್ನೂ ಹತ್ತಿಸದೆ, 60 ಮೀಟರಿನ ಒಂದು ಲೈನನ್ನು ಕಟ್ಟಿ, ಲೋಡ್ ಸೆಲ್ ಓದಿ, ರಕ್ಷಣೆಯ ಅಭ್ಯಾಸ ಮಾಡಿ, ಸಂಜೆಯೊಳಗೆ ಬಿಚ್ಚಿ ತೋರಿಸಲು ನಾವು ಸಿದ್ಧ. ಸಲಕರಣೆ, ಖರ್ಚು ನಮ್ಮದು. ನಾಲ್ಕೂ ಇಲಾಖೆಯಿಂದ ಒಬ್ಬೊಬ್ಬರನ್ನು ಕಳಿಸಿಕೊಡಿ.

ಇತಿ,
ತಮ್ಮ ವಿಶ್ವಾಸಿಗಳು,
ಮೈಸೂರು ಮತ್ತು ಮಂಡ್ಯದ ಹೈಲೈನ್ ಕಟ್ಟುವವರು